ಸ್ಪ್ರಿಂಗಿಗೆ ಕೈ ಹಾಕಬೇಡಿ ಮಾರಾಯ್ರೆ

ಇವತ್ತು ಕೊಳೆ ಔಷಧಿ ಬಗ್ಗೆ ಬರೀತೇನೆ ಅಂದಿದ್ದೆ. ಅದು ಇನ್ನೊಂದಿನ. ಎರಡನೇ ಸುತ್ತಿನ ಬೋರ್ಡೋ ಅರ್ಧಕ್ಕೆ ನಿಂತಿದೆ, ಮಳೆ ಹೊಳವಾಗ್ತಾ ಇಲ್ಲ, ಮರ ಹತ್ತೋರು ಕೈಗೆ ಸಿಗ್ತಾ ಇಲ್ಲ. ಅದರ ಬಗ್ಗೆ ಬರೆದರೆ ಬರೀ ಗೋಳಾಗುತ್ತೆ. ಬೇರೆ ಒಂದು ವಿಷಯ ನಾಲ್ಕು ದಿನದಿಂದ ತಲೆ ಕೊರೀತಾ ಇದೆ, ಅದನ್ನ ಹೇಳಿಬಿಡ್ತೇನೆ.

ಮೊನ್ನೆ ಸೊಸೈಟಿಗೆ ಮೈಲುತುತ್ತ ತರೋಕೆ ಹೋಗಿದ್ದೆ. ನಮ್ಮ ಕಡೆಯವರೇ ಒಬ್ಬರು, ಹೆಸರು ಬೇಡ, ಜೀಪಿನಿಂದ ಒಂದು ಏರ್ ಪಿಸ್ತೂಲು ತೆಗೆದು ತೋರಿಸ್ತಾ ಇದ್ದರು. "ಮೂರೂವರೆ ಸಾವಿರದ್ದು. ಪೇಟೇಲಿ ಸ್ಪ್ರಿಂಗ್ ಬದಲು ಮಾಡಿಸ್ದೆ. ಈಗ ಮಂಗ ಒಂದ್ಸಲ ತಿಂದ್ರೆ ಮತ್ತೆ ಈ ದಿಕ್ಕಿಗೆ ಬರಲ್ಲ" ಅಂದರು. ಸುತ್ತ ನಾಲ್ಕು ಜನ ಹುಡುಗರು. ಎಲ್ಲರದ್ದೂ ಒಂದೇ ಪ್ರಶ್ನೆ: ಎಲ್ಲಿ ಮಾಡಿಸಿದ್ದು, ಎಷ್ಟಾಯ್ತು? ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಮೈಲುತುತ್ತ ತಗೊಂಡು ಬಂದೆ. ಬಾಯಿ ಯಾಕೆ ಮುಚ್ಚಿಕೊಂಡೆ ಅಂದರೆ, ಮೂರು ವರ್ಷದ ಹಿಂದೆ ಅದೇ ಕೆಲಸ ನಾನೂ ಮಾಡಿಸಿದ್ದೆ. ಅವತ್ತು ಹೇಳದೆ ಇದ್ದದ್ದನ್ನ ಇವತ್ತು ಹೇಳ್ತಾ ಇದ್ದೇನೆ. ಅವರು ಇದನ್ನ ಓದಿದರೆ ಬೇಜಾರು ಮಾಡ್ಕೋಬಾರದು.

ಮೊದಲೇ ಒಂದು ಮಾತು. ಏರ್ ಪಿಸ್ತೂಲು ಇಟ್ಟುಕೊಳ್ಳೋದೇ ತಪ್ಪು, ರೈತನಿಗೆ ಯಾಕೆ ಈ ಶೋಕಿ ಅನ್ನೋರ ಜೊತೆ ನಾನಿಲ್ಲ. ಆಷಾಢ ಶ್ರಾವಣದಲ್ಲಿ ಸಂಜೆ ಐದಕ್ಕೇ ಕತ್ತಲು, ಕರೆಂಟ್ ಹೋದರೆ ಎರಡು ದಿನ, ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಂಥ ಹೊತ್ತಲ್ಲಿ ಖಾಲಿ ಬಿದ್ದ ಅಡಿಕೆ ಚಪ್ಪರದ ಈ ತುದಿಯಲ್ಲಿ ನಿಂತು ಆ ತುದಿಯ ಕಾಗದಕ್ಕೆ ಹತ್ತು ಪೆಲೆಟ್ ಹೊಡೆದರೆ, ದಿನವಿಡೀ ತಲೆಯಲ್ಲಿ ಗಿರಗುಟ್ಟುತ್ತಿದ್ದ ಸಾಲ, ಕೊಳೆ, ಕೂಲಿ ಎಲ್ಲ ಅರ್ಧ ಗಂಟೆ ಸುಮ್ಮನಾಗುತ್ತವೆ. ಉಸಿರು ಹಿಡಿಯೋದು, ಕೈ ನಡುಗೋದನ್ನ ಗಮನಿಸೋದು, ಟ್ರಿಗರ್ ನಿಧಾನಕ್ಕೆ ಒತ್ತೋದು, ಇಷ್ಟೇ ಇರೋದು ಆಟದಲ್ಲಿ. ಇಸ್ಪೀಟಿಗಿಂತ ಅಗ್ಗ, ಬಾಟ್ಲಿಗಿಂತ ಬಹಳ ಅಗ್ಗ.

ಆಟ ಸಣ್ಣದೂ ಅಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ, ಒಂದು ಒಬ್ಬಳೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದೂ 10 ಮೀಟರ್ ಏರ್ ಪಿಸ್ತೂಲಿನಲ್ಲೇ. 10 ಮೀಟರಿನ ಗುರಿಹಾಳೆಯ ನಡುವಿನ ಹತ್ತು ಅಂಕದ ವೃತ್ತ ಎಷ್ಟು ದೊಡ್ಡದು ಗೊತ್ತಾ? 11.5 ಮಿಲಿಮೀಟರ್. ನಿಮ್ಮ ಅಂಗಿಯ ಗುಂಡಿಯಷ್ಟು. 10 ಮೀಟರ್ ಅಂದರೆ ಒಂಬತ್ತಡಿ ಸಾಲಿನ ಅಡಿಕೆ ತೋಟದಲ್ಲಿ ನಾಲ್ಕು ಮರದ ಅಂತರಕ್ಕೆ ಮೂರಡಿ ಕಮ್ಮಿ. ಅಲ್ಲಿಂದ ಅಂಗಿ ಗುಂಡಿಗೆ, ಅದೂ ಒಂದೇ ಕೈಯಲ್ಲಿ ಹಿಡಿದು.

ಈಗ ಸ್ಪ್ರಿಂಗ್ ವಿಷಯಕ್ಕೆ ಬರ್ತೇನೆ. ಆ ಆಟಗಾರರ ಕೈಯಲ್ಲಿರೋ ಪಿಸ್ತೂಲಿನ ಬೆಲೆ ಲಕ್ಷದ ಮೇಲೆ. ಅದರ ಶಕ್ತಿ ಎಷ್ಟು ಅಂದುಕೊಂಡಿರಿ? ಐದಾರು ಜೌಲ್. ಅಷ್ಟೇ. ನಮ್ಮ ಮೂರು ಸಾವಿರದ ಸ್ಪ್ರಿಂಗ್ ಪಿಸ್ತೂಲು ಅರ್ಧ ಗ್ರಾಮಿನ ಪೆಲೆಟನ್ನ ಸೆಕೆಂಡಿಗೆ 100 ಮೀಟರ್ ಆಸುಪಾಸಿನಲ್ಲಿ ಕಳಿಸಿದರೆ ಎರಡೂವರೆ ಜೌಲ್ ಆಯಿತು. ಕಾಗದ ತೂತು ಮಾಡೋಕೆ ಅದು ಧಾರಾಳ. ಶಕ್ತಿಯೇ ಗುರಿ ಆಗಿದ್ದಿದ್ದರೆ ಲಕ್ಷ ಕೊಡೋರು ಇಪ್ಪತ್ತು ಜೌಲಿಂದು ತಗೋತಿದ್ದರು. ಅವರು ಲಕ್ಷ ಕೊಡೋದು ಟ್ರಿಗರಿಗೆ, ಹಿಡಿಗೆ, ಸೈಟಿಗೆ, ನಳಿಗೆಗೆ. ನಾವು ಮಾತ್ರ ಇದ್ದ ಬದ್ದ ದುಡ್ಡೆಲ್ಲ ಸ್ಪ್ರಿಂಗಿಗೆ ಸುರೀತೇವೆ.

ಪೇಟೆಯ ವರ್ಕ್‌ಶಾಪಿನಲ್ಲಿ ಮಾಡೋದು ಇಷ್ಟು: ಇದ್ದ ಸ್ಪ್ರಿಂಗ್ ತೆಗೆದು, ಅದಕ್ಕಿಂತ ದಪ್ಪ ತಂತಿಯದ್ದು ಅಥವಾ ಉದ್ದದ್ದು ಹುಡುಕಿ ತುರುಕೋದು. ಇದರಿಂದ ಏನಾಗುತ್ತೆ ಅಂತ ನನ್ನದರ ಅನುಭವದಿಂದ ಹೇಳ್ತೇನೆ. ಮೊದಲನೆಯದಾಗಿ ಗುರಿ ಕೆಟ್ಟಿತು. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪೆಲೆಟ್ ಇನ್ನೂ ನಳಿಗೆ ಒಳಗೇ ಇರುವಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಬಡಿಯುತ್ತೆ. ಅದಕ್ಕೆ ಪಿಸ್ತೂಲು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ, ಎರಡು ಸಲ ಅಲುಗುತ್ತೆ. ರೈಫಲ್ ಆದರೆ ಮೂರು ನಾಲ್ಕು ಕೇಜಿ ತೂಕ, ಹೆಗಲಿನ ಆಸರೆ ಬೇರೆ, ಹೇಗೋ ತಡ್ಕೊಳ್ಳುತ್ತೆ. ಪಿಸ್ತೂಲು ಒಂದು ಕೇಜಿಯ ಆಸುಪಾಸು, ಹಿಡಿದಿರೋದು ಒಂದೋ ಎರಡೋ ಕೈ. ಸ್ಪ್ರಿಂಗ್ ಜೋರಾದಷ್ಟೂ ಕುಪ್ಪಳಿಕೆ ಜೋರು. ಮೊದಲು ಐದು ಪೆಲೆಟ್ ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ ಕೂರ್ತಾ ಇದ್ದವು. ಸ್ಪ್ರಿಂಗ್ ಹಾಕಿಸಿದ ಮೇಲೆ ಊಟದ ತಟ್ಟೆ ಬೇಕಾಯಿತು. ಇನ್ನು ವೇಗ ಒಂದೂವರೆ ಪಟ್ಟು ಆಗಬೇಕಾದರೆ ಶಕ್ತಿ ಎರಡೂಕಾಲು ಪಟ್ಟು ಬೇಕು. ಆ ಲೆಕ್ಕ ನೋಡಿದರೆ ಕೊಟ್ಟ ದುಡ್ಡಿಗೆ ಸಿಕ್ಕ ವೇಗವೂ ಅಷ್ಟಕ್ಕಷ್ಟೇ.

ಎರಡನೆಯದು ಕೈ. ಅಗ್ಗದ ಪಿಸ್ತೂಲಿನಲ್ಲಿ ನಳಿಗೆಯನ್ನೇ ಸನ್ನೆ ಮಾಡಿ ಮಡಚಿ ಸ್ಪ್ರಿಂಗ್ ಒತ್ತಬೇಕು. ಒಳಗೆ ಪಿಸ್ಟನ್ನನ್ನ ಹಿಡಿದಿಟ್ಟುಕೊಳ್ಳೋ ಒಂದು ಸಣ್ಣ ಕೊಕ್ಕೆ ಇರುತ್ತೆ, ಟ್ರಿಗರ್ ಒತ್ತಿದಾಗ ಬಿಡೋದು ಅದೇ. ಆ ಕೊಕ್ಕೆಯನ್ನ ಅಳೆದು ಮಾಡಿರೋದು ಹಳೆ ಸ್ಪ್ರಿಂಗಿಗೆ. ಉದ್ದದ ಸ್ಪ್ರಿಂಗ್ ಹಾಕಿದರೆ ಸುತ್ತುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಪಿಸ್ಟನ್ ಪೂರಾ ಹಿಂದೆ ಬರೋದೇ ಇಲ್ಲ, ಕೊಕ್ಕೆ ಅರ್ಧಂಬರ್ಧ ಕಚ್ಚುತ್ತೆ. ದಪ್ಪದ್ದಾದರೆ ಕೊಕ್ಕೆಯ ಮೂಲೆ ದಿನಾ ಸವೆಯುತ್ತೆ. ಒಂದು ದಿನ ನೀವು ಪೆಲೆಟ್ ಇಡ್ತಾ ಇರುವಾಗ ಜಾರುತ್ತೆ. ಆಗ ಮಡಚಿದ ನಳಿಗೆ ಪಟಾರಂತ ಮೇಲೆ ಬಂದು ಮುಚ್ಚಿಕೊಳ್ಳುತ್ತೆ, ನಡುವೆ ಬೆರಳಿದ್ದರೆ ಬೆರಳ ಕಥೆ ಮುಗೀತು. ನನ್ನದು ಜಾರಿತು. ಪುಣ್ಯಕ್ಕೆ ಹೆಬ್ಬೆರಳಿನ ಉಗುರಷ್ಟೇ ಹೋಯಿತು. ಅಷ್ಟರಲ್ಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಈ ಎಣ್ಣೆಯ ಹುಚ್ಚಿನ ಬಗ್ಗೆಯೂ ಹೇಳಬೇಕು. ನಳಿಗೆಗೆ ಕೊಬ್ಬರಿ ಎಣ್ಣೆಯೋ ಟೂಟಿ ಆಯಿಲೋ ನಾಲ್ಕು ಹನಿ ಬಿಟ್ಟು ಹೊಡೆದರೆ ಢಂ ಅಂತ ಸದ್ದು, ಮೂತಿಯಲ್ಲಿ ಹೊಗೆ. ಹುಡುಗರಿಗೆ ಭಾರೀ ಖುಷಿ. ಅದು ಡೀಸೆಲ್ ಇಂಜಿನ್ನಿನ ಕೆಲಸ ಮಾರಾಯ್ರೆ. ಗಾಳಿ ಒತ್ತಿಕೊಂಡು ಬಿಸಿಯಾಗಿ ಎಣ್ಣೆ ಹೊತ್ತಿಕೊಳ್ಳುತ್ತೆ. ಪಿಸ್ಟನ್ನಿನ ವಾಷರ್ ಸುಡುತ್ತೆ, ಸ್ಪ್ರಿಂಗ್ ತುಂಡಾಗುತ್ತೆ, ಒಂದು ಪೆಲೆಟ್ ಹೋದ ವೇಗದಲ್ಲಿ ಇನ್ನೊಂದು ಹೋಗಲ್ಲ. ಮೂರು ಸಾವಿರದ ವಸ್ತುವನ್ನ ಒಂದು ತಿಂಗಳಲ್ಲಿ ಗುಜರಿ ಮಾಡೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಇಷ್ಟೆಲ್ಲ ಆದರೂ ನಾನು ಸ್ಪ್ರಿಂಗ್ ತೆಗೆಸಿರಲಿಲ್ಲ. ಯಾಕೆ ತೆಗೆಸಿದೆ ಅಂತ ಈಗ ಹೇಳ್ತೇನೆ. ಬರೆಯೋಕೆ ಇಷ್ಟ ಇಲ್ಲದ ಭಾಗ ಇದು.

ಶಕ್ತಿ ಬಂತು ಅಂದ ಕೂಡಲೇ ಕಾಗದಕ್ಕೆ ಹೊಡೆಯೋ ಮನಸ್ಸು ಹೋಗುತ್ತೆ. ಇದನ್ನ ಯಾರೂ ಹೇಳಲ್ಲ. ಹಳೆ ಸ್ಪ್ರಿಂಗ್ ಇದ್ದಾಗ ನನ್ನ ಯೋಚನೆ 'ಎಲ್ಲಿ ಬಿತ್ತು' ಅನ್ನೋದಾಗಿತ್ತು. ಹೊಸದು ಹಾಕಿಸಿದ ಮೇಲೆ 'ಏನು ತೂತಾಯ್ತು' ಅಂತ ಆಯಿತು. ಹಲಗೆ ತೂತಾಗುತ್ತಾ, ಡಬ್ಬ ತೂತಾಗುತ್ತಾ. ಮೂರು ವರ್ಷದ ಹಿಂದೆ ದಸರಾ ರಜೆಗೆ ತಂಗಿ ಮಕ್ಕಳನ್ನ ಕರ್ಕೊಂಡು ಬಂದಿದ್ದಳು. ಅಂಗಳದ ಆಚೆ ಹಳೆ ಕಲ್ಲುಕಂಬ ಒಂದಿದೆ, ಮೊದಲು ಎತ್ತು ಕಟ್ಟುತ್ತಿದ್ದದ್ದು. ಅದಕ್ಕೆ ಖಾಲಿ ಎಣ್ಣೆ ಡಬ್ಬ ನೇತುಹಾಕಿ ಭಾವನಿಗೆ ಪಿಸ್ತೂಲಿನ ಪ್ರತಾಪ ತೋರಿಸೋಕೆ ಹೊರಟೆ. ಎರಡು ಪೆಲೆಟ್ ಡಬ್ಬಕ್ಕೆ ತಾಗಿತು. ಮೂರನೆಯದು ಡಬ್ಬ ತಪ್ಪಿ ಕಂಬಕ್ಕೆ ಬಡಿಯಿತು. ಬಡಿದ ಸದ್ದು ಕೇಳಿಸ್ತು, ಅದರ ಹಿಂದೆಯೇ ಮಗು ಕಿರುಚಿದ್ದು ಕೇಳಿಸ್ತು. ತಂಗಿಯ ಮಗಳು, ಎಂಟು ವರ್ಷ, ಜಗುಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ನನ್ನ ಎಡಕ್ಕೆ, ನನಗಿಂತ ಹಿಂದೆ. ಅಲ್ಲಿಗೆ ಸಿಡಿಯುತ್ತೆ ಅಂತ ಯಾರಿಗೆ ಗೊತ್ತು? ಬಲ ಕೆನ್ನೆ, ಕಣ್ಣಿನ ರೆಪ್ಪೆಯಿಂದ ಒಂದು ಬೆರಳು ಕೆಳಗೆ.

ಗಾಯ ಸಣ್ಣದು, ಮೂರು ಹೊಲಿಗೆ. ಡಾಕ್ಟರ್ ಹೊಲಿಗೆ ಹಾಕುವಾಗ ನನ್ನ ಕಡೆ ನೋಡಿ ಒಂದು ಬೆರಳು ಎತ್ತಿ ತೋರಿಸಿದರು, ಮಾತಾಡಲಿಲ್ಲ. ತಂಗಿಯೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷದ ದಸರಾಕ್ಕೆ ಅವಳು ಬರಲಿಲ್ಲ, ಮಗುವಿಗೆ ಟ್ಯೂಷನ್ ಇದೆ ಅಂದಳು.

ಹಳೆ ಸ್ಪ್ರಿಂಗ್ ಇದ್ದಿದ್ದರೂ ಕಲ್ಲಿಗೆ ಹೊಡೆದರೆ ಪೆಲೆಟ್ ಸಿಡಿಯುತ್ತೆ, ಅದನ್ನ ನಾನು ಒಪ್ತೇನೆ. ಆದರೆ ಹಳೆ ಸ್ಪ್ರಿಂಗ್ ಇದ್ದಾಗ ನಾನು ಕಲ್ಲುಕಂಬದ ಹತ್ತಿರ ಹೋಗಿರಲೇ ಇಲ್ಲ. ಚಪ್ಪರದಲ್ಲಿ ಗೋಣಿ ತುಂಬಿದ ಪೆಟ್ಟಿಗೆ ಇತ್ತು, ಅದಕ್ಕೇ ಹೊಡೀತಾ ಇದ್ದೆ. ಆ ಸ್ಪ್ರಿಂಗ್ ಪಿಸ್ತೂಲಿಗಿಂತ ಮೊದಲು ನನ್ನ ತಲೆಯನ್ನ ಮಾರ್ಪಾಡು ಮಾಡಿತ್ತು. ಸೊಸೈಟಿ ಹತ್ತಿರ ಆ ನಾಲ್ಕು ಹುಡುಗರ ಕಣ್ಣಲ್ಲಿ ನಾನು ಕಂಡದ್ದು ಅದೇ.

ಇನ್ನು ಮಂಗ. ಮಂಗನ ಕಾಟ ಇಲ್ಲ ಅಂತ ನಾನು ಹೇಳಿದರೆ ನೀವು ನನ್ನ ತೋಟಕ್ಕೇ ಬಂದು ಹೊಡೀತೀರಿ. ಹೋದ ವರ್ಷ ಎಳನೀರು, ಏಲಕ್ಕಿ ಸಸಿ, ಬಾಳೆ, ಯಾವುದೂ ಉಳಿಯಲಿಲ್ಲ. ಸಿಟ್ಟು ನನಗೂ ಇದೆ. ಆದರೆ ಯೋಚನೆ ಮಾಡಿ, ಮೂರು ನಾಲ್ಕು ಜೌಲಿನ ಪೆಲೆಟ್ ಮಂಗನನ್ನ ಓಡಿಸಲ್ಲ, ಗಾಯ ಮಾಡುತ್ತೆ. ಸೀಸ ಚರ್ಮದೊಳಗೆ ಕೂತು ಕೀವಾಗಿ ವಾರಗಟ್ಟಲೆ ನರಳಿ ನಿಮ್ಮ ತೋಟದ ಮೂಲೆಯಲ್ಲೇ ಸಾಯುತ್ತೆ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು ಸತ್ತ ಮಂಗಗಳಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕೆಳಗೆ ಉದುರುತ್ತವೆ, ತರಗು ಒಟ್ಟೋಕೆ ಹೋಗೋದು ನಿಮ್ಮ ಮನೆಯವರೇ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಿಳಿಸಿ ಅಂತ ಆರೋಗ್ಯ ಇಲಾಖೆಯವರು ಹೇಳೋದು ಇದಕ್ಕೇ. ನವಿಲಿಗೆ ಹೊಡೆದರಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿ, ಜೈಲು. "ಏರ್‌ಗನ್ ಅಲ್ವಾ ಸಾರ್" ಅಂದರೆ ಯಾರೂ ಕೇಳಲ್ಲ.

ಕಾನೂನಿನ ಮಾತು ಬಂದದ್ದಕ್ಕೆ ಇದೂ ಇರಲಿ. 2016ರ ಆಯುಧ ನಿಯಮದ ಪ್ರಕಾರ 4.5 ಮಿಲಿಮೀಟರ್ ದಾಟದ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ನಮ್ಮ ಪಿಸ್ತೂಲು ಅದಕ್ಕಿಂತ ಎಷ್ಟೋ ಕೆಳಗೆ. ಬೆಳೆ ರಕ್ಷಣೆಯ ಕೋವಿ ಇರೋರಿಗೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗೋ ತಾಪತ್ರಯ ಗೊತ್ತು. ಈ ಒಂದು ಆಟಕ್ಕಾದರೂ ಆ ರಗಳೆ ಇಲ್ಲ. ನಾಲ್ಕು ಜನ ಮಂಗ, ನವಿಲು, ಪಕ್ಕದ ಮನೆ ನಾಯಿ ಅಂತ ಹೊಡೆದುಕೊಂಡು ಹೋದರೆ ಅದಕ್ಕೂ ಕಡಿವಾಣ ಬರುತ್ತೆ. ಬಿಲ್ ಜೋಪಾನವಾಗಿಡಿ. ಜೀಪಿನಲ್ಲಿ ಇಟ್ಟುಕೊಂಡು ತಿರುಗಬೇಡಿ, ದೂರದಿಂದ ನೋಡೋನಿಗೆ ಅದು ನಿಜವಾದ ಪಿಸ್ತೂಲೇ.

ಹಾಗಾದರೆ ಮಾರ್ಪಾಡು ಮಾಡಲೇಬಾರದಾ? ಮಾಡಿ, ಬೇಕಾದಷ್ಟಿದೆ. ನನ್ನದಕ್ಕೆ ಸ್ಪ್ರಿಂಗ್ ವಾಪಸ್ ಹಾಕಿಸಿದ ಮೇಲೆ ಮಾಡಿದ್ದನ್ನ ಹೇಳ್ತೇನೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಿಡಿ. ಅಗ್ಗದ ಪಿಸ್ತೂಲಿನ ಪ್ಲಾಸ್ಟಿಕ್ ಹಿಡಿ ಯಾರ ಕೈಗೂ ಸರಿಯಾಗಿ ಕೂರಲ್ಲ, ಪ್ರತಿಸಲ ಹಿಡಿದಾಗಲೂ ಬೇರೆ ಜಾಗ. ಹಳೆ ಸೈಕಲ್ ಟ್ಯೂಬ್ ಸುತ್ತಿ, ಅಂಗೈ ಗುಳಿ ಬೀಳೋ ಕಡೆ ಎಂ-ಸೀಲ್ ಮೆತ್ತಿ, ಒದ್ದೆ ಕೈಯಲ್ಲಿ ಹಿಡಿದು ಅಚ್ಚು ಒತ್ತಿದೆ. ಒಣಗಿದ ಮೇಲೆ ಕಣ್ಣು ಮುಚ್ಚಿ ಹಿಡಿದರೂ ಅದೇ ಜಾಗಕ್ಕೆ ಕೈ ಹೋಗ್ತದೆ. ಆಮೇಲೆ ನಮ್ಮ ಆಚಾರಿ ಅದನ್ನ ನೋಡಿ ನಕ್ಕು, ಹಲಸಿನ ಮರದಲ್ಲಿ ಅದೇ ಅಚ್ಚಿನ ಹಿಡಿ ಕೆತ್ತಿಕೊಟ್ಟರು. ಎರಡು ಕಾಫಿ, ಒಂದು ಗೊನೆ ಬಾಳೆಹಣ್ಣು, ಅಷ್ಟೇ ಖರ್ಚು. ಹಿಡಿಯೋದನ್ನೂ ಗಟ್ಟಿ ಹಿಡಿಯಬೇಡಿ. ಕೋಳಿಮರಿ ಹಿಡಿದ ಹಾಗೆ, ಪ್ರತಿಸಲ ಒಂದೇ ಬಿಗಿಯಲ್ಲಿ.

ಮುಂದಿನ ಸೈಟ್ ಹೊಳೀತಾ ಇದ್ದರೆ ಬುಡ್ಡಿ ದೀಪದ ಮಸಿ ಹಿಡಿಸಿ. ಹಿಂದಿನ ಸೈಟಿನ ಸ್ಕ್ರೂ ಅಲುಗದ ಹಾಗೆ ಒಂದು ಹನಿ ನೈಲ್ ಪಾಲಿಶ್ ಹಾಕಿ (ನಮ್ಮನೆಯವಳು ಬಾಟ್ಲಿ ಹುಡುಕ್ತಾ ಇದ್ದಾಳೆ, ಹೇಳಬೇಡಿ). ಕಣ್ಣು ಗುರಿಯ ಮೇಲಲ್ಲ, ಮುಂದಿನ ಸೈಟಿನ ಮೇಲಿರಬೇಕು. ಗುರಿ ಮಸುಕಾಗಿ ಕಂಡರೂ ಚಿಂತೆ ಇಲ್ಲ.

ಇನ್ನೊಂದು ವಾಷರ್. ಇದು ನಿಮಗೆ ಹೇಳಿಕೊಡಬೇಕಾಗಿಲ್ಲ. ಔಷಧಿ ಹೊಡೆಯೋ ಗಟಾರ್ ಪಂಪಿನ ಚರ್ಮದ ವಾಷರ್ ಒಣಗಿದರೆ ಪ್ರೆಶರ್ ಹೇಗೆ ಹೋಗುತ್ತೋ ಇದೂ ಹಾಗೇ. ನಳಿಗೆ ಮಡಚುವ ಜಾಗದಲ್ಲಿ ಒಂದು ಸಣ್ಣ ವಾಷರ್ ಇರುತ್ತೆ. ಅಲ್ಲೊಂದು ಚೂರು ತೆಳು ಕಾಗದ ಅಂಟಿಸಿ, ಪೆಲೆಟ್ ಹಾಕಿ ಪೆಟ್ಟಿಗೆಗೆ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರ್ತಾ ಇದೆ ಅಂತ ಅರ್ಥ. ಆ ವಾಷರ್ ಬದಲು ಮಾಡಿ, ಕಳೆದುಹೋದ ಶಕ್ತಿ ವಾಪಸ್ ಬರುತ್ತೆ. ಅಷ್ಟು ಸಾಕು. ಪೆಲೆಟ್ ಇಲ್ಲದೆ ಖಾಲಿ ಹೊಡೀಬೇಡಿ, ಪಿಸ್ಟನ್ ಹೋಗಿ ಕಬ್ಬಿಣಕ್ಕೇ ಬಡಿಯುತ್ತೆ.

ಟ್ರಿಗರ್ ಬಿಗಿ ಅಂತ ಒಳಗಿನ ಕೊಕ್ಕೆಯನ್ನ ಅರ ಹಾಕಿ ಉಜ್ಜೋರಿದ್ದಾರೆ. ಬೇಡ. ಒಲಿಂಪಿಕ್ಸಿನವರಿಗೇ ಟ್ರಿಗರ್ ಅರ್ಧ ಕೇಜಿಗಿಂತ ಹಗುರ ಇರಬಾರದು ಅಂತ ನಿಯಮ ಇದೆ. ಕೊಳೆ ಒರೆಸಿ, ಕೀಲಿಗೆ ಚೂರು ಗ್ರೀಸ್ ಹಚ್ಚಿ. ಉಳಿದದ್ದಕ್ಕೆ ನಿಮ್ಮ ಬೆರಳು ಹೊಂದಿಕೊಳ್ಳುತ್ತೆ.

ಹೊಸದಾಗಿ ತಗೊಳ್ಳೋರು ಅಂಗಡಿಯಲ್ಲಿ ಡಬ್ಬದ ಮೇಲಿನ ವೇಗದ ನಂಬರ್ ನೋಡಬೇಡಿ. ನಳಿಗೆ ಮಡಚಿ ಮುಚ್ಚಿ, ಆಮೇಲೆ ಅದನ್ನ ಆಚೆ ಈಚೆ ಅಲುಗಿಸಿ. ಆಡಿದರೆ ಅಲ್ಲೇ ಬಿಡಿ, ಅದು ಎಂದೂ ಎರಡು ಸಲ ಒಂದೇ ಕಡೆ ಹೊಡೆಯಲ್ಲ. ಖಾಲಿ ನಳಿಗೆಯನ್ನ ಬೆಳಕಿಗೆ ಹಿಡಿದು ಒಳಗೆ ಸುರುಳಿ ಗೆರೆ ಇದೆಯಾ ನೋಡಿ. ನುಣ್ಣಗಿದ್ದರೆ ಬೇಡ. ಹಿಂದಿನ ಸೈಟ್ ತಿರುಗಿಸೋಕೆ ಬರಬೇಕು. ಗ್ಯಾಸ್ ಸಿಲಿಂಡರಿನದ್ದು ನಮಗಲ್ಲ, ಮಳೆಗಾಲದಲ್ಲಿ ಸಿಲಿಂಡರ್ ತರೋಕೆ ಯಾರು ಪೇಟೆಗೆ ಹೋಗ್ತಾರೆ? ಸ್ಪ್ರಿಂಗ್ ಬದಲಿಸೋಕೆ ಇಟ್ಟ ದುಡ್ಡಲ್ಲಿ ಒಳ್ಳೆ ಚಪ್ಪಟೆ ಮೂತಿಯ ಪೆಲೆಟ್ ತಗೊಳ್ಳಿ, ಒಂದೇ ಕಂಪನಿಯದ್ದು. ಅಂಚು ಸೊಟ್ಟಗಾದವನ್ನ ಆರಿಸಿ ತೆಗೆಯಿರಿ, ಅಡಿಕೆಯಲ್ಲಿ ಗೋಟು ಆರಿಸಿದ ಹಾಗೆ. ಉಕ್ಕಿನ ಗುಂಡು ಯಾವತ್ತೂ ಬೇಡ. ಗೆರೆಯನ್ನೂ ತಿನ್ನುತ್ತೆ, ಬಡಿದಲ್ಲಿಂದ ವಾಪಸ್ಸೂ ಬರುತ್ತೆ.

ಪೆಟ್ಟಿಗೆ ಮಾತ್ರ ಮೊದಲ ದಿನವೇ ಮಾಡಿ, ಪಿಸ್ತೂಲಿಗಿಂತ ಮೊದಲು. ಹಿಂದೆ ದಪ್ಪ ಹಲಗೆ, ಅದರ ಮುಂದೆ ಅರ್ಧ ಅಡಿ ದಪ್ಪಕ್ಕೆ ಹಳೆ ಬಟ್ಟೆ, ಗೋಣಿ ಬಿಗಿಯಾಗಿ ತುರುಕಿ, ಎದುರಿಗೆ ರಟ್ಟು, ರಟ್ಟಿನ ಮೇಲೆ ಗುರಿಹಾಳೆ. ಪೆಟ್ಟಿಗೆಯ ಹಿಂದೆ ಧರೆ ಇರಲಿ, ದಾರಿ ಇರಬಾರದು. ತಿಂಗಳಿಗೊಮ್ಮೆ ಬಿಚ್ಚಿ ಸೀಸ ಆರಿಸಿ ಡಬ್ಬಕ್ಕೆ ಹಾಕಿ. ಸೀಸ ದನಕ್ಕೆ ವಿಷ, ನೆಕ್ಕೋಕೆ ಸಿಗೋ ಜಾಗದಲ್ಲಿ ಬೀಳಬಾರದು. ಹೊಡೆದಾದ ಮೇಲೆ ಕೈ ತೊಳೆಯದೆ ಅವಲಕ್ಕಿಗೆ ಕೈ ಹಾಕಬೇಡಿ. ಕಣ್ಣಿಗೆ ಕನ್ನಡಕ, ಹೊಡೆಯೋನಿಗೂ ನೋಡೋನಿಗೂ. ಮಕ್ಕಳು ಪಕ್ಕದಲ್ಲಿ ಅಲ್ಲ, ಹಿಂದಿನ ಗೋಡೆಯ ಆಚೆ.

ಈಗ ನನ್ನ ಐದು ಪೆಲೆಟ್ ನಿಂಬೆಹಣ್ಣಿನಷ್ಟು ಜಾಗದಲ್ಲಿ ಬೀಳ್ತಾವೆ, ಒಳ್ಳೆ ದಿನಗಳಲ್ಲಿ. ಅಂಗಿ ಗುಂಡಿಗೆ ಇನ್ನೂ ದೂರ ಇದೆ.

ತಂಗಿ ಹೋದ ದಸರಾಕ್ಕೆ ಬಂದಿದ್ದಳು. ಮಗಳಿಗೆ ಈಗ ಹನ್ನೊಂದು ತುಂಬ್ತಾ ಬಂತು, ಕೆನ್ನೆ ಮೇಲೆ ಅಕ್ಕಿ ಕಾಳಿನಷ್ಟು ಗುರುತು. ಅವಳೇ ಬಂದು "ಮಾವ, ನಂಗೂ ಹೇಳಿಕೊಡು" ಅಂದಳು. ತಂಗಿ ಮುಖ ನೋಡಿದೆ. ಅವಳು ಒಳಗೆ ಹೋಗಿ ಕನ್ನಡಕ ತಂದು ಮಗಳಿಗೆ ಹಾಕಿದಳು, ತಾನೂ ಒಂದು ಹಾಕಿಕೊಂಡು ನನ್ನ ಬೆನ್ನ ಹಿಂದೆ ನಿಂತಳು. ಹತ್ತು ಪೆಲೆಟ್ ಮುಗಿಯೋವರೆಗೂ ಅಲ್ಲಿಂದ ಕದಲಲಿಲ್ಲ.

ಮಳೆ ಬಿಟ್ಟರೂ ಬಿಡದಿದ್ದರೂ ಬರುವ ಭಾನುವಾರ ಮೂರು ಗಂಟೆಗೆ ನಮ್ಮ ಚಪ್ಪರಕ್ಕೆ ಬನ್ನಿ. ಪೆಲೆಟ್ ನಿಮ್ಮದು, ಕಾಫಿ ನಮ್ಮದು. ಸೊಸೈಟಿಯಲ್ಲಿ ಸಿಕ್ಕ ಆ ಅಣ್ಣನೂ ಬರಲಿ, ಹುಡುಗರನ್ನೂ ಕರ್ಕೊಂಡು ಬರಲಿ. ಸ್ಪ್ರಿಂಗ್ ಬದಲಿಸಿದ ಪಿಸ್ತೂಲಾದರೆ ಜೊತೆಗೆ ಹಳೆ ಸ್ಪ್ರಿಂಗೂ ತನ್ನಿ, ಅಲ್ಲೇ ಕೂತು ವಾಪಸ್ ಹಾಕುವ. ಬಿಚ್ಚೋಕೆ ಬೇಕಾದ ಕ್ಲ್ಯಾಂಪ್ ನನ್ನ ಹತ್ತಿರ ಇದೆ, ಅದಿಲ್ಲದೆ ಮನೆಯಲ್ಲಿ ಬಿಚ್ಚೋಕೆ ಹೋಗಬೇಡಿ.